ಹಳೆಯದು ಗಟ್ಟಿಯೋ, ಹೊಸದು ಗಟ್ಟಿಯೋ? ಫ್ರಿಜ್, ಫ್ಯಾನ್, ವಾಷಿಂಗ್ ಮಷಿನ್, ಮಿಕ್ಸಿ, ಗೀಸರ್ ಆರಿಸುವ ಮುನ್ನ

"ನಮ್ಮ ಕಾಲದ ಫ್ರಿಜ್ ಇಪ್ಪತ್ತೈದು ವರ್ಷ ಬಂತು, ನೀವು ತಂದಿದ್ದು ಐದು ವರ್ಷಕ್ಕೇ ಕೈಕೊಡ್ತು." ಹಿರಿಯರ ಈ ಮಾತಿಗೆ ಎದುರಾಡುವುದು ಕಷ್ಟ, ಯಾಕೆಂದರೆ ಆ ಹಳೇ ಫ್ರಿಜ್ ಅಡುಗೆಮನೆಯ ಮೂಲೆಯಲ್ಲಿ ಇನ್ನೂ ಗುಂಯ್‌ಗುಡುತ್ತಿರುತ್ತದೆ. ಅದೇ ಕಾಲದಲ್ಲಿ ಕೊಂಡು, ಹತ್ತು ವರ್ಷಕ್ಕೇ ಗುಜರಿಗೆ ಹೋದ ಫ್ರಿಜ್‌ಗಳು ಈಗ ಯಾರ ಕಣ್ಣಿಗೂ ಬೀಳುವುದಿಲ್ಲ. ಉಳಿದದ್ದನ್ನು ಮಾತ್ರ ನೋಡಿ ಇಡೀ ಕಾಲವನ್ನೇ ಗಟ್ಟಿ ಎಂದುಬಿಡುವುದು ಸುಲಭ.

ಹಾಗಂತ ಆ ಮಾತು ಸುಳ್ಳೂ ಅಲ್ಲ. ಹಳೆಯ ಉಪಕರಣಗಳಲ್ಲಿ ಭಾಗಗಳು ಕಡಿಮೆ, ಲೋಹ ಜಾಸ್ತಿ. ಒಂದು ಫ್ರಿಜ್ ಕೊಳ್ಳಲು ಸರ್ಕಾರಿ ನೌಕರನೊಬ್ಬ ಹಲವು ತಿಂಗಳ ಸಂಬಳ ಕೂಡಿಡಬೇಕಿದ್ದ ಕಾಲ ಅದು. ಅಷ್ಟು ಕೊಟ್ಟು ತಂದದ್ದನ್ನು ಜೋಪಾನ ಮಾಡುತ್ತಿದ್ದರು, ಕೆಟ್ಟರೆ ಬಿಸಾಡದೆ ಮತ್ತೆ ಮತ್ತೆ ಸರಿಮಾಡಿಸುತ್ತಿದ್ದರು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಇಲ್ಲಿ. ಕೆಡದೇ ಇರುವುದು ಒಂದು ಗುಣ, ಕೆಟ್ಟಾಗ ಸರಿಹೋಗುವುದು ಇನ್ನೊಂದು ಗುಣ. ಹಳೇ ಸಾಮಾನುಗಳಲ್ಲಿ ಎರಡನೆಯದು ಹೇರಳವಾಗಿತ್ತು. ಅದನ್ನೇ ನಾವು ಮೊದಲನೆಯದು ಎಂದು ನೆನಪಿಟ್ಟುಕೊಂಡಿದ್ದೇವೆ.

ನಾನಿರುವುದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ. ಇಲ್ಲಿನ ಅರ್ಧ ಮನೆಗಳ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಅವರು ಅಲ್ಲಿ ತಮಗೆ ಕೊಳ್ಳುವ ಮಾಡೆಲ್ಲನ್ನೇ ಹಬ್ಬದ ಆಫರ್‌ನಲ್ಲಿ ಅಪ್ಪ ಅಮ್ಮನಿಗೂ ಬುಕ್ ಮಾಡುತ್ತಾರೆ. ಒಂದೇ ಮಷಿನ್ ಅಲ್ಲಿ ಚೆನ್ನಾಗಿ ನಡೆದು ಇಲ್ಲಿ ತಿಂಗಳುಗಟ್ಟಲೆ ನಿಂತಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಹಾಗಾಗಿ ಈ ಬರಹದಲ್ಲಿ ಉತ್ತರ ಉಪಕರಣಕ್ಕೊಂದು, ಊರಿಗೊಂದು.

ವೈಂಡಿಂಗ್ ಅಂಗಡಿ ಎಲ್ಲೆಲ್ಲೂ ಇದೆ, ಬೋರ್ಡ್ ರಿಪೇರಿ ಇಲ್ಲ

ಕರ್ನಾಟಕದ ಯಾವುದೇ ಹೋಬಳಿ ಕೇಂದ್ರಕ್ಕೆ ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮೋಟಾರ್ ವೈಂಡಿಂಗ್ ಅಂಗಡಿ ಇರುತ್ತದೆ. ರೈತರ ಪಂಪ್‌ಸೆಟ್‌ಗಳು ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದು ಸುಟ್ಟುಹೋಗುವುದೇ ಅದಕ್ಕೆ ಕಾರಣ. ಆ ಅಂಗಡಿಯವನಿಗೆ ಫ್ಯಾನ್, ಮಿಕ್ಸಿ, ಗ್ರೈಂಡರ್, ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷಿನ್ ಎಲ್ಲವೂ ಮೋಟಾರುಗಳೇ. ತಾಮ್ರದ ತಂತಿ, ಬೇರಿಂಗ್, ಕೆಪಾಸಿಟರ್, ಕಾರ್ಬನ್ ಬ್ರಷ್ ಅವನ ಬಳಿ ಸದಾ ಇರುತ್ತವೆ. ಇವುಗಳಿಗೆ ಕಂಪನಿಯ ಹಂಗಿಲ್ಲ.

ಹೊಸ ಉಪಕರಣಗಳಲ್ಲಿ ಮೋಟಾರಿನ ಮುಂದೆ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಕೂತಿದೆ. ಮೋಟಾರು ಹಿಂದಿನದಕ್ಕಿಂತ ಚೆನ್ನಾಗಿದೆ: ಬಿಸಿಯಾಗುವುದು ಕಡಿಮೆ, ಕರೆಂಟು ಕಡಿಮೆ, ಸದ್ದು ಕಡಿಮೆ. ಹೋಗುವುದು ಬೋರ್ಡ್. ಅದರ ಮೇಲಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಬಿಸಿಗೆ ಒಣಗುತ್ತಾ ಬರುತ್ತವೆ. ತಾಪ ಹತ್ತು ಡಿಗ್ರಿ ಏರಿದರೆ ಅವುಗಳ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮಳೆಗಾಲದ ತೇವಕ್ಕೆ ಟ್ರ್ಯಾಕ್ ಎಂಬ ತಾಮ್ರದ ಗೆರೆಗಳು ಹಸಿರುಗಟ್ಟುತ್ತವೆ. ಬೆಚ್ಚಗಿರುತ್ತದೆಂದು ಇರುವೆ, ಜಿರಳೆ, ಹಲ್ಲಿ ಒಳಗೆ ಸೇರುತ್ತವೆ. ನಮ್ಮೂರಿನ ಮೆಕ್ಯಾನಿಕ್ ಒಬ್ಬರು ಬಿಚ್ಚಿ ತೋರಿಸಿದ ಬೋರ್ಡಿನಲ್ಲಿ ರಿಲೇಯ ಎರಡು ಕಾಲುಗಳ ನಡುವೆ ಒಂದು ಮರಿಹಲ್ಲಿ ಸುಟ್ಟು ಅಂಟಿಕೊಂಡಿತ್ತು. ಸುತ್ತಲಿನ ಅರ್ಧ ಇಂಚು ಕಪ್ಪಾಗಿತ್ತು, ಉಳಿದ ಬೋರ್ಡ್ ಹೊಸದರ ಹಾಗಿತ್ತು.

ಇದನ್ನು ತಡೆಯಲೆಂದು ಕೆಲವು ಕಂಪನಿಗಳು ಬೋರ್ಡನ್ನು ಪೂರ್ತಿ ರಾಳದಂಥ ಅಂಟಿನಲ್ಲಿ ಮುಳುಗಿಸಿ ಗಟ್ಟಿಮಾಡುತ್ತವೆ. ಆಗ ತೇವವೂ ತಾಗುವುದಿಲ್ಲ, ಹಲ್ಲಿಯೂ ತಾಗುವುದಿಲ್ಲ, ಬಾಳಿಕೆ ಖಂಡಿತ ಹೆಚ್ಚುತ್ತದೆ. ಆದರೆ ಒಳಗಿನ ಒಂದು ಸಣ್ಣ ಬಿಡಿಭಾಗ ಹೋದರೂ ಸೋಲ್ಡರಿಂಗ್ ಐರನ್ ಅಲ್ಲಿಗೆ ತಲುಪುವಂತಿಲ್ಲ, ಇಡೀ ಬೋರ್ಡ್ ಬದಲಾಯಿಸಬೇಕು. ಅದೇ ಅಂಟು ಕೆಡದಂತೆಯೂ ಕಾಯುತ್ತದೆ, ಸರಿಹೋಗದಂತೆಯೂ ಮಾಡುತ್ತದೆ. ಬೆಂಗಳೂರಿನಲ್ಲಾದರೆ ಎಸ್.ಪಿ. ರೋಡಿನ ಸುತ್ತಮುತ್ತ ಬಿಡಿಭಾಗವೂ ಸಿಗುತ್ತದೆ, ಬೋರ್ಡ್ ಮಟ್ಟದಲ್ಲಿ ಕೆಲಸ ಮಾಡುವವರೂ ಸಿಗುತ್ತಾರೆ. ತಾಲ್ಲೂಕಿನಲ್ಲಿ ಆ ಕೆಲಸ ಬಲ್ಲವರು ವಿರಳ. ಕಂಪನಿಯ ಸರ್ವೀಸ್‌ನವನು ಜಿಲ್ಲಾ ಕೇಂದ್ರದಿಂದ ಬರಬೇಕು.

ಫ್ರಿಜ್: ಇಲ್ಲಿ ಹಳೆಯದನ್ನು ಬಿಡಿ

ಹಳೆಯದರ ಮೇಲೆ ಎಷ್ಟೇ ಅಭಿಮಾನವಿದ್ದರೂ ಫ್ರಿಜ್ ವಿಷಯದಲ್ಲಿ ನನ್ನ ಮತ ಹೊಸದಕ್ಕೆ. ಕಾರಣ ಮೂರು.

ಮೊದಲನೆಯದು ಕರೆಂಟು. ಫ್ರಿಜ್ ಮನೆಯಲ್ಲಿ ಇಪ್ಪತ್ನಾಲ್ಕು ಗಂಟೆ ಪ್ಲಗ್ಗಿನಲ್ಲೇ ಇರುವ ಉಪಕರಣ. 190 ಲೀಟರ್ ಆಸುಪಾಸಿನ ಈಗಿನ ಒಳ್ಳೆಯ ಸಿಂಗಲ್ ಡೋರ್ ಫ್ರಿಜ್‌ಗಳ ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಸಾಮಾನ್ಯವಾಗಿ 200 ಯೂನಿಟ್ಟಿಗಿಂತ ಕಡಿಮೆ ನಮೂದಾಗಿರುತ್ತದೆ. ನಿಮ್ಮ ಹಳೆಯದು ಎಷ್ಟು ತಿನ್ನುತ್ತಿದೆ ಎಂದು ತಿಳಿಯಲು ಹಣ ಖರ್ಚಿಲ್ಲದ ದಾರಿಯಿದೆ. ರಾತ್ರಿ ಮಲಗುವಾಗ ಉಳಿದೆಲ್ಲ ಸ್ವಿಚ್ ಆರಿಸಿ, ಮೀಟರ್ ರೀಡಿಂಗ್ ಬರೆದಿಡಿ, ಬೆಳಗ್ಗೆ ಮತ್ತೆ ನೋಡಿ. ಎಂಟು ಗಂಟೆಗೆ ಅರ್ಧ ಯೂನಿಟ್ ಓಡಿದ್ದರೆ ದಿನಕ್ಕೆ ಒಂದೂವರೆ, ವರ್ಷಕ್ಕೆ ಸುಮಾರು 550 ಯೂನಿಟ್. ಹಗಲಿನಲ್ಲಿ ಬಾಗಿಲು ತೆಗೆದು ಹಾಕುವುದರಿಂದ ನಿಜವಾದ ಲೆಕ್ಕ ಇನ್ನೂ ಹೆಚ್ಚೇ ಇರುತ್ತದೆ. ಮೊದಲು ಬಾಗಿಲಿನ ಗ್ಯಾಸ್ಕೆಟ್, ಅಂದರೆ ಅಂಚಿನ ರಬ್ಬರ್ ಪಟ್ಟಿ ನೋಡಿ: ಒಂದು ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದಾಗ ಸಲೀಸಾಗಿ ಬಂದರೆ ತಂಪು ಸೋರುತ್ತಿದೆ. ಕೆಲವೊಮ್ಮೆ ಗ್ಯಾಸ್ಕೆಟ್ ಬದಲಿಸಿದರೇ ಲೆಕ್ಕ ಇಳಿಯುತ್ತದೆ. ಗೃಹಜ್ಯೋತಿಯಲ್ಲಿರುವ ಮನೆಗಳಿಗೆ ಇದು ಇನ್ನೂ ಮುಖ್ಯ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, 190–200ರ ಅಂಚಿನಲ್ಲಿರುವ ಮನೆಯನ್ನು ಆಚೆಗೆ ತಳ್ಳಲು ಒಂದು ಹಳೇ ಫ್ರಿಜ್ ಸಾಕು.

ಎರಡನೆಯದು ಗ್ಯಾಸ್. ತೊಂಬತ್ತರ ದಶಕದವರೆಗಿನ ಬಹುತೇಕ ಫ್ರಿಜ್‌ಗಳಲ್ಲಿ ಇದ್ದದ್ದು ಆರ್-12. ಓಜೋನ್ ಪದರಕ್ಕೆ ಹಾನಿ ಎಂಬ ಕಾರಣಕ್ಕೆ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಭಾರತ ಅದರ ಬಳಕೆಯನ್ನು 2010ರ ಹೊತ್ತಿಗೆ ನಿಲ್ಲಿಸಿತು. ಆ ಫ್ರಿಜ್ ಈಗ ಸೋರಿದರೆ ಮೂಲ ಗ್ಯಾಸ್ ಸಿಗುವುದಿಲ್ಲ. ಬೇರೇನೋ ಮಿಶ್ರಣ ತುಂಬಿ ಕಳಿಸುತ್ತಾರೆ. ತಂಪು ಮೊದಲಿನಂತೆ ಬರುವುದಿಲ್ಲ, ಕಂಪ್ರೆಸರ್ ಒದ್ದಾಡುತ್ತದೆ. ಗ್ಯಾಸ್ ಹೋಯಿತೆಂದರೆ ಆ ಫ್ರಿಜ್‌ಗೆ ಇನ್ನು ಹಣ ಹಾಕಬೇಡಿ.

ಮೂರನೆಯದು ವೋಲ್ಟೇಜ್. ಹಳೆಯ ಕಂಪ್ರೆಸರ್ ಒಂದೇ ವೇಗದಲ್ಲಿ ಓಡುವಂಥದ್ದು. ಸ್ಟಾರ್ಟ್ ಆಗುವಾಗ ಒಮ್ಮೆಲೇ ತುಂಬಾ ಕರೆಂಟ್ ಎಳೆಯುತ್ತದೆ. ಸಂಜೆ ವೋಲ್ಟೇಜ್ 170ಕ್ಕೆ ಇಳಿದಾಗ ಅದು ತಿರುಗಲಾರದೆ "ಟಕ್" ಎಂದು ಓವರ್‌ಲೋಡ್ ಬಿದ್ದು, ಮತ್ತೆ ಹತ್ತಿ, ಮತ್ತೆ ಬೀಳುತ್ತದೆ. ಸ್ಟೆಬಿಲೈಸರ್ ಇಲ್ಲದಿದ್ದರೆ ವೈಂಡಿಂಗ್ ಸುಡುವುದು ಹೀಗೆಯೇ. ಬೇಕಾದಂತೆ ವೇಗ ಬದಲಿಸಿಕೊಳ್ಳುವ ಹೊಸ ಜಾತಿಯ ಇನ್ವರ್ಟರ್ ಕಂಪ್ರೆಸರ್ ನಿಧಾನಕ್ಕೆ ವೇಗ ಪಡೆಯುತ್ತದೆ, ಕಡಿಮೆ ವೋಲ್ಟೇಜಿನಲ್ಲೂ ಓಡುತ್ತದೆ, ಮನೆಯ ಯುಪಿಎಸ್ ಮೇಲೆ ಕೂಡ ಹಗುರ.

ಹಾಗಾದರೆ ಹೊಸ ಫ್ರಿಜ್‌ನಲ್ಲಿ ನೋಡಬೇಕಾದ್ದೇನು? ಹಳೆಯ ಫ್ರಿಜ್‌ನ ಬೆನ್ನಿಗೆ ಕಪ್ಪು ಕಂಬಿಯ ಬಲೆ ಇರುತ್ತಿತ್ತು, ಅದೇ ಕಂಡೆನ್ಸರ್. ಸೋರಿದರೆ ಕಣ್ಣಿಗೆ ಕಾಣುತ್ತಿತ್ತು, ಅಲ್ಲೇ ಬೆಸುಗೆ ಹಾಕುತ್ತಿದ್ದರು. ಈಗ ಹೆಚ್ಚಿನವುಗಳಲ್ಲಿ ಆ ಪೈಪ್ ಫ್ರಿಜ್‌ನ ಪಕ್ಕದ ಗೋಡೆಯೊಳಗೆ ಫೋಮ್‌ನಲ್ಲಿ ಹುದುಗಿದೆ. ಪಕ್ಕ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಒಳಗೆ ಸೋರಿದರೆ ಹುಡುಕಲಾಗುವುದಿಲ್ಲ. ಅಂಗಡಿಯಲ್ಲಿ ಬಣ್ಣದ ಹೂವಿನ ಚಿತ್ರ ನೋಡುವ ಮೊದಲು ಹಿಂದೆ ತಿರುಗಿಸಿ ನೋಡಿ. ಕರಾವಳಿಯ ಉಪ್ಪುಗಾಳಿಯಲ್ಲಿ ಇರುವವರಂತೂ ಪೈಪು ತಾಮ್ರದ್ದೋ ಅಲ್ಯೂಮಿನಿಯಂನದೋ ಎಂದು ಕೇಳಲೇಬೇಕು. ಈಗಿನ ಗ್ಯಾಸ್ ಆರ್-600ಎ ಉರಿಯುವ ಜಾತಿಯದ್ದು. ತುಂಬಿರುವುದು ಕೆಲವೇ ಹತ್ತು ಗ್ರಾಮ್ ಆದ್ದರಿಂದ ಮನೆಯಲ್ಲಿ ಭಯವಿಲ್ಲ, ಆದರೆ ರಿಪೇರಿಗೆ ತರಬೇತಿ ಇರುವವನೇ ಬೇಕು. ಅಡುಗೆಮನೆಯಲ್ಲೇ ಬೆಂಕಿ ಹಚ್ಚಿ ಬೆಸುಗೆ ಹಾಕುವವನನ್ನು ಕರೆಯಬೇಡಿ.

ಸಿಂಗಲ್ ಡೋರ್ ಡೈರೆಕ್ಟ್ ಕೂಲ್ ಮತ್ತು ಡಬಲ್ ಡೋರ್ ಫ್ರಾಸ್ಟ್ ಫ್ರೀ ನಡುವೆ ಆಯ್ಕೆಯಿದ್ದರೆ, ಸರ್ವೀಸ್ ದೂರವಿರುವ ಊರಿಗೆ ನಾನು ಹೇಳುವುದು ಡೈರೆಕ್ಟ್ ಕೂಲ್. ಐಸ್ ಕಟ್ಟುತ್ತದೆ, ಆಗಾಗ ಗುಂಡಿ ಒತ್ತಿ ಕರಗಿಸಬೇಕು, ನಿಜ. ಆದರೆ ಫ್ರಾಸ್ಟ್ ಫ್ರೀ ಒಳಗಿರುವ ಫ್ಯಾನು, ಡಿಫ್ರಾಸ್ಟ್ ಹೀಟರ್, ಸೆನ್ಸರ್ ಯಾವುದೂ ಅದರಲ್ಲಿ ಇಲ್ಲ. ಇಲ್ಲದ ಭಾಗ ಕೆಡುವುದಿಲ್ಲ.

ಫ್ಯಾನ್: ಎಷ್ಟು ಹೊತ್ತು ತಿರುಗುತ್ತದೆ ಎಂಬುದೇ ಪ್ರಶ್ನೆ

ನಮ್ಮ ಹಳೆಯ ಸೀಲಿಂಗ್ ಫ್ಯಾನ್ ನಿಜಕ್ಕೂ ಗಟ್ಟಿ. ಒಳಗಿರುವುದು ತಾಮ್ರದ ವೈಂಡಿಂಗ್, ಎರಡು ಬೇರಿಂಗ್, 2.5 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್. ನಿಧಾನವಾದರೆ ಕೆಪಾಸಿಟರ್ ಹೋಗಿದೆ. ಅದು ನೂರು ರೂಪಾಯಿಯೊಳಗಿನ ಕೆಲಸ. ಕರಕರ ಸದ್ದು ಬಂದರೆ 6201 ಅಥವಾ 6202 ನಂಬರಿನ ಬೇರಿಂಗ್. ಇಷ್ಟು ಮಾಡಿಸುತ್ತಾ ಹೋದರೆ ಮೂವತ್ತು ವರ್ಷ ತಿರುಗುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅದು 75 ವಾಟ್ ತಿನ್ನುತ್ತದೆ. ಈಗಿನ ಬಿಎಲ್‌ಡಿಸಿ ಫ್ಯಾನ್, ಅಂದರೆ ಎಲೆಕ್ಟ್ರಾನಿಕ್ ಬೋರ್ಡ್ ಓಡಿಸುವ ಮೋಟಾರಿನ ಫ್ಯಾನ್, ಅಷ್ಟೇ ಗಾಳಿಗೆ ಸುಮಾರು 30 ವಾಟ್. ದಿನಕ್ಕೆ ಹನ್ನೆರಡು ಗಂಟೆಯಂತೆ ವರ್ಷಕ್ಕೆ ಮುನ್ನೂರು ದಿನ ತಿರುಗುವ ಫ್ಯಾನಿಗೆ ಉಳಿತಾಯ 160 ಯೂನಿಟ್ ದಾಟುತ್ತದೆ, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಹತ್ತಿರಹತ್ತಿರ ಸಾವಿರ ರೂಪಾಯಿ. ರಾಯಚೂರು, ಕಲಬುರಗಿ, ಮಂಗಳೂರಿನ ಮಲಗುವ ಕೋಣೆಗೆ ಬೇರೆ ಯೋಚನೆಯೇ ಬೇಡ, ಬಿಎಲ್‌ಡಿಸಿ ಹಾಕಿ. ಒಂದು ವೇಳೆ ಐದಾರು ವರ್ಷಕ್ಕೆ ಅದರ ಬೋರ್ಡ್ ಹೋದರೂ ಅಷ್ಟರಲ್ಲಿ ಫ್ಯಾನಿನ ಬೆಲೆ ವಾಪಸ್ ಬಂದಿರುತ್ತದೆ. ವೋಲ್ಟೇಜ್ ಇಳಿದಾಗಲೂ ಇದರ ವೇಗ ಇಳಿಯುವುದಿಲ್ಲ ಎನ್ನುವುದು ಹಳ್ಳಿಯವರಿಗೆ ಸಿಗುವ ಇನ್ನೊಂದು ಲಾಭ.

ಮಡಿಕೇರಿಯಲ್ಲೋ ಕೊಪ್ಪದಲ್ಲೋ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಎರಡು ಗಂಟೆ ತಿರುಗುವ ಫ್ಯಾನಿಗೆ ಈ ಲೆಕ್ಕ ಕೂಡುವುದಿಲ್ಲ. ಅಲ್ಲಿ ಹಳೆಯದನ್ನೇ ಬೇರಿಂಗ್ ಹಾಕಿಸಿ ಇಟ್ಟುಕೊಳ್ಳಿ. ಅತಿಥಿಗಳ ಕೋಣೆ, ದೇವರ ಮನೆ, ಮಹಡಿಯ ಹಾಲ್ ಎಲ್ಲಕ್ಕೂ ಇದೇ ಮಾತು.

2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಒಂದು ಸ್ಟಾರಿನದ್ದು ಹಳೆಯ ಜಾತಿಯ ಮೋಟಾರೇ ಆಗಿರಬಹುದು, ಐದು ಸ್ಟಾರಿನದ್ದು ಸಾಮಾನ್ಯವಾಗಿ ಬಿಎಲ್‌ಡಿಸಿ. ಕೊಳ್ಳುವಾಗ ಎರಡು ವಿಷಯ ಕೇಳಿ: ಬೋರ್ಡ್ ಬಿಡಿಯಾಗಿ ಸಿಗುತ್ತದೆಯೇ, ರಿಮೋಟ್ ಕಳೆದರೆ ಗೋಡೆಯ ಸ್ವಿಚ್ಚಿನಿಂದಲೇ ವೇಗ ಬದಲಿಸಬಹುದೇ. ವಯಸ್ಸಾದವರಿರುವ ಮನೆಯಲ್ಲಿ ಎರಡನೆಯ ಪ್ರಶ್ನೆ ಮೊದಲು ಬರಬೇಕು. ಹಳೆಯ ರೆಗ್ಯುಲೇಟರ್ ಈ ಫ್ಯಾನಿಗೆ ಹೊಂದುವುದಿಲ್ಲ, ಅದನ್ನು ತೆಗೆಸಿ ನೇರ ಸಂಪರ್ಕ ಕೊಡಿಸಬೇಕು.

ವಾಷಿಂಗ್ ಮಷಿನ್: ನಿಮ್ಮ ನೀರು, ನಿಮ್ಮ ಟ್ಯಾಂಕ್, ನಿಮ್ಮ ಮೆಕ್ಯಾನಿಕ್

ಸೆಮಿ ಆಟೊಮ್ಯಾಟಿಕ್ ಎಂಬ ಎರಡು ತೊಟ್ಟಿಯ ಮಷಿನ್ನು ಹಳೇ ಕಾಲದ್ದು ಎಂದು ನಗರದಲ್ಲಿ ಬದಿಗೆ ಸರಿಸುತ್ತಾರೆ. ಬಾಳಿಕೆಯ ದೃಷ್ಟಿಯಿಂದ ನಾನು ಅದನ್ನು ತುಂಬ ಗೌರವಿಸುತ್ತೇನೆ. ಒಳಗೆ ಎರಡು ಮೋಟಾರು, ಸ್ಪ್ರಿಂಗ್ ಇರುವ ಎರಡು ಟೈಮರ್, ಒಂದು ಬೆಲ್ಟ್, ಒಂದು ಬ್ರೇಕ್ ವಯರ್. ಮೈ ಪ್ಲಾಸ್ಟಿಕ್ಕಿನದು, ಬಚ್ಚಲ ಪಕ್ಕದಲ್ಲಿಟ್ಟರೂ ತುಕ್ಕು ಹಿಡಿಯುವುದಿಲ್ಲ. ನೀರು ಬಕೆಟ್‌ನಲ್ಲಿ ಹೊಯ್ದರೂ ನಡೆಯುತ್ತದೆ, ಕರೆಂಟು ಹೋಗಿ ಬಂದರೆ ಟೈಮರ್ ಮತ್ತೆ ತಿರುಗಿಸಿದರಾಯಿತು. ಸ್ಪಿನ್ ತೊಟ್ಟಿಯ ಸೀಲ್ ಹೋಗಿ ನೀರು ಮೋಟಾರಿಗೆ ಇಳಿಯುವುದು ಇದರ ಸಾಮಾನ್ಯ ರೋಗ. ಕೆಳಗೆ ನೀರು ತೊಟ್ಟಿಕ್ಕಲು ಶುರುವಾದಾಗಲೇ ಸೀಲ್ ಹಾಕಿಸಿದರೆ ಮೋಟಾರು ಉಳಿಯುತ್ತದೆ. ನೀರು ಎರಡು ದಿನಕ್ಕೊಮ್ಮೆ ಬರುವ ಊರು, ಗದ್ದೆ ತೋಟದ ಮಣ್ಣು ಮೆತ್ತಿದ ಬಟ್ಟೆ, ಮನೆಯಲ್ಲಿ ಬಟ್ಟೆ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹಾಕಲು ಶಕ್ತಿಯಿರುವವರು: ಇಷ್ಟಿದ್ದರೆ ಇದಕ್ಕಿಂತ ಭರವಸೆಯ ಮಷಿನ್ ಇಲ್ಲ.

ಶಕ್ತಿ ಇಲ್ಲದಿದ್ದರೆ? ಸೊಂಟನೋವಿರುವ ಅಮ್ಮನಿಗೆ ಒದ್ದೆ ಬೆಡ್‌ಶೀಟ್ ಎತ್ತಿಹಾಕುವ ಕೆಲಸ ಕೊಟ್ಟು ಬಾಳಿಕೆಯ ಮಾತಾಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಫುಲ್ಲಿ ಆಟೊಮ್ಯಾಟಿಕ್ ಟಾಪ್ ಲೋಡ್ ತನ್ನಿ. ಬೋರ್ಡ್ ಇರುತ್ತದೆ, ಇನ್ಲೆಟ್ ವಾಲ್ವ್, ಡ್ರೈನ್ ಮೋಟಾರ್ ಇರುತ್ತವೆ. ಆದರೂ ಫ್ರಂಟ್ ಲೋಡ್‌ಗಿಂತ ಸರಳ.

ಫ್ರಂಟ್ ಲೋಡ್ ಬಟ್ಟೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಒಗೆಯುತ್ತದೆ, ನೀರೂ ಕಡಿಮೆ ಸಾಕು. ಅದರ ವೈರಿ ಗಡಸು ನೀರು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ, ಕಾವೇರಿ ನೀರು ತಲುಪದ ಬೆಂಗಳೂರಿನ ಹೊರವಲಯದಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಹೀಟರ್ ಮೇಲೆ ಬಿಳಿ ಪದರವಾಗಿ ಕಟ್ಟುತ್ತದೆ. ಶಾಖ ನೀರಿಗೆ ದಾಟದೆ ಹೀಟರ್ ತಾನೇ ಸುಡುತ್ತದೆ. ಡ್ರಮ್ಮಿನ ಹಿಂದೆ ಅದನ್ನು ಹಿಡಿದಿರುವ ಮೂರು ತೋಳಿನ ಅಲ್ಯೂಮಿನಿಯಂ ಸ್ಪೈಡರ್, ಸೋಪಿನ ಗಸಿ ಕೂತು ಕೊರೆದುಹೋಗುತ್ತದೆ. ಒಂದು ದಿನ ಸ್ಪಿನ್ ಮಾಡುವಾಗ ಮಷಿನ್ ಇಡೀ ಕುಣಿಯುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಹೊರತೊಟ್ಟಿಯನ್ನು ಬೆಸೆದು ಮುಚ್ಚಿರುತ್ತಾರೆ. ಆಗ ಬೇರಿಂಗ್ ಒಂದನ್ನೇ ಹಾಕಿಸಲು ಬರುವುದಿಲ್ಲ, ತೊಟ್ಟಿಯನ್ನೇ ಬದಲಿಸಬೇಕು. ಬೋಲ್ಟ್ ಹಾಕಿದ ತೊಟ್ಟಿಯೋ ಬೆಸೆದದ್ದೋ ಎಂದು ಅಂಗಡಿಯವರನ್ನು ಕೇಳಿದರೆ ಗೊತ್ತಿರುವುದಿಲ್ಲ, ಆ ಕಂಪನಿಯ ಸರ್ವೀಸ್ ಹುಡುಗನನ್ನು ಕೇಳಿ. ತಿಂಗಳಿಗೊಮ್ಮೆ ಡಿಸ್ಕೇಲಿಂಗ್ ಪುಡಿ ಹಾಕಿ ಖಾಲಿ ಓಡಿಸುವ ಶಿಸ್ತು ನಿಮಗಿದ್ದರೆ, ಸರ್ವೀಸ್ ಹತ್ತಿರವಿದ್ದರೆ ಫ್ರಂಟ್ ಲೋಡ್ ತೆಗೆದುಕೊಳ್ಳಿ.

ಟ್ಯಾಂಕಿನ ಎತ್ತರವನ್ನೂ ನೋಡಿ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ಹೆಂಚಿನ ಮನೆಯ ಪಕ್ಕ ಕಟ್ಟೆಯ ಮೇಲಿಟ್ಟ ಟ್ಯಾಂಕ್ ಎರಡು ಮೀಟರ್ ಎತ್ತರದಲ್ಲಿದ್ದರೆ 0.2 ಬಾರ್ ಮಾತ್ರ. ಕೆಲವು ಮಷಿನ್‌ಗಳು ಅಷ್ಟಕ್ಕೆ "ನೀರಿಲ್ಲ" ಎಂಬ ಎರರ್ ತೋರಿಸಿ ನಿಲ್ಲುತ್ತವೆ. ಎಷ್ಟೋ ಮನೆಗಳಲ್ಲಿ ಮಷಿನ್ ಕೆಟ್ಟಿದೆ ಎಂದುಕೊಂಡದ್ದು ಇದನ್ನೇ. ಇನ್ನು ಇಲಿ. ಮಷಿನ್ನಿನ ತಳದಲ್ಲಿ ಜಾಲರಿ ಇಲ್ಲದಿದ್ದರೆ ಮೊದಲ ಮಳೆಗಾಲದಲ್ಲೇ ವಯರು ಕಡಿಯುತ್ತದೆ. ವಾರಂಟಿಯಲ್ಲಿ ಅದಕ್ಕೆ ಸಾಮಾನ್ಯವಾಗಿ ಜಾಗವಿಲ್ಲ.

ಮಿಕ್ಸಿ, ಗ್ರೈಂಡರ್: ಹಳೆಯದನ್ನು ಕೊಡಬೇಡಿ

ಇಲ್ಲಿ ತಂತ್ರಜ್ಞಾನವೇ ಅಷ್ಟಾಗಿ ಬದಲಾಗಿಲ್ಲ. 1960ರ ದಶಕದಲ್ಲಿ ಸುಮೀತ್ ಮಿಕ್ಸಿ ಬಂದಾಗ ಒಳಗಿದ್ದದ್ದು ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟಾರ್, ಇಂದಿಗೂ ಹೆಚ್ಚಿನ ಮಿಕ್ಸಿಗಳಲ್ಲಿರುವುದು ಅದೇ. ಬದಲಾದದ್ದು ಒಳಗಿನ ಸಾಮಗ್ರಿ. ಅಗ್ಗದ ಮಾಡೆಲ್‌ಗಳಲ್ಲಿ ತಾಮ್ರದ ಜಾಗಕ್ಕೆ ಅಲ್ಯೂಮಿನಿಯಂ ತಂತಿ ಬಂದಿದೆ, ಅದು ಬೇಗ ಬಿಸಿಯಾಗುತ್ತದೆ, ಮತ್ತೆ ಸುತ್ತಿಸಲೂ ಬೆಲೆಬಾಳುವುದಿಲ್ಲ. ನಿಮ್ಮ ಮನೆಯಲ್ಲಿ ಹಳೆಯ, ತೂಕದ ಮಿಕ್ಸಿ ಇದ್ದರೆ ಕಾರ್ಬನ್ ಬ್ರಷ್ ಹಾಕಿಸಿ, ಜಾರಿನ ಬುಷ್ ಮತ್ತು ಕಪ್ಲರ್ ಬದಲಿಸಿ, ಇಟ್ಟುಕೊಳ್ಳಿ. ಹೊಸದೇ ಬೇಕಾದರೆ ತಾಮ್ರದ ವೈಂಡಿಂಗ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಹೆಚ್ಚುವರಿ ಜಾರುಗಳ ಆಸೆಗಿಂತ ಐಎಸ್‌ಐ ಗುರುತು ನೋಡಿ. ಕೊಬ್ಬರಿ, ಅರಿಶಿನ ಕೊಂಬು ಹಾಕಿ ಒಂದೇ ಸಮನೆ ಓಡಿಸಿದಾಗ ಮಿಕ್ಸಿ ನಿಂತುಹೋದರೆ ಗಾಬರಿಯಾಗಬೇಡಿ. ತಳದಲ್ಲಿ ಒಂದು ಸಣ್ಣ ಕೆಂಪು ಗುಂಡಿ ಇರುತ್ತದೆ, ತಣ್ಣಗಾದ ಮೇಲೆ ಒತ್ತಿದರೆ ಮತ್ತೆ ಓಡುತ್ತದೆ.

ಗ್ರೈಂಡರ್ ಮಟ್ಟಿಗೆ ಹಳೆಯ ಕೊಯಮತ್ತೂರು ಗ್ರೈಂಡರಿಗೆ ಸಾಟಿಯಿಲ್ಲ. ಕಲ್ಲು ಸವೆದು ನುಣುಪಾದರೆ ಉಳಿ ಹೊಡೆಸಿ ಮತ್ತೆ ಒರಟು ಮಾಡಿಸಬಹುದು, ಬೆಲ್ಟ್ ಹೋದರೆ ಎಲ್ಲಿ ಬೇಕಾದರೂ ಸಿಗುತ್ತದೆ. ದೊಡ್ಡ ಕುಟುಂಬವಾದರೆ ಅದನ್ನೇ ಉಳಿಸಿಕೊಳ್ಳಿ. ಮೂರ್ನಾಲ್ಕು ಜನರ ಮನೆಗೆ ಟೇಬಲ್ ಟಾಪ್ ಸಾಕು, ತೊಳೆಯಲೂ ಸುಲಭ; ಕಲ್ಲಿನ ನಡುವಿನ ಬುಷ್‌ಗೆ ಹಿಟ್ಟು ಇಳಿಯದಂತೆ ನೋಡಿಕೊಳ್ಳಬೇಕು ಅಷ್ಟೆ.

ಗೀಸರ್: ಹಳೆಯದರ ಮೇಲೆ ಮಮತೆ ಬೇಡ

ಹಳೆಯ ತಾಮ್ರದ ತೊಟ್ಟಿಯ ಗೀಸರುಗಳು ನಿಜಕ್ಕೂ ವರ್ಷಗಟ್ಟಲೆ ಬಂದಿವೆ. ಆದರೆ ಈ ಒಂದು ಉಪಕರಣದಲ್ಲಿ ಬಾಳಿಕೆಗಿಂತ ಮೊದಲು ಕೇಳಬೇಕಾದ್ದು ಸುರಕ್ಷತೆ. ಥರ್ಮೋಸ್ಟಾಟ್ ಅಂಟಿಕೊಂಡು ನೀರು ಕುದಿಯುತ್ತಲೇ ಹೋದರೆ ಕರೆಂಟು ಕಡಿಯುವ ಎರಡನೇ ಕಟ್‌ಔಟ್, ಒತ್ತಡ ಹೊರಬಿಡುವ ವಾಲ್ವ್ ಇವೆರಡೂ ಇರಲೇಬೇಕು. ಹಳೆಯದರಲ್ಲಿ ಒಂದೋ ಇರುವುದೇ ಇಲ್ಲ, ಇಲ್ಲವೇ ಸುಣ್ಣ ಕಟ್ಟಿ ಜಾಮ್ ಆಗಿರುತ್ತದೆ. ಎಲಿಮೆಂಟ್ ಬಿರಿದು ನೀರಿಗೆ ಕರೆಂಟು ಬಂದರೆ ಕಾಪಾಡುವುದು ಒಳ್ಳೆಯ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್. ನಿಮ್ಮ ಮನೆಯ ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇಲ್ಲದಿದ್ದರೆ ಗೀಸರ್ ಹಳೆಯದೋ ಹೊಸದೋ ಎಂಬ ಚರ್ಚೆ ಆಮೇಲೆ, ಮೊದಲು ಅದನ್ನು ಹಾಕಿಸಿ.

ಅನೇಕ ಹೊಸ ಗೀಸರುಗಳಲ್ಲಿ ಉಕ್ಕಿನ ತೊಟ್ಟಿಗೆ ಗಾಜಿನ ಲೇಪನವಿದ್ದು, ಒಳಗೆ ಮೆಗ್ನೀಶಿಯಂನ ಒಂದು ಸರಳು ಇರುತ್ತದೆ. ಆನೋಡ್ ರಾಡ್ ಎನ್ನುತ್ತಾರೆ. ತೊಟ್ಟಿಯ ಬದಲು ತಾನು ಸವೆಯುವುದೇ ಅದರ ಕೆಲಸ. ಅದು ಪೂರ್ತಿ ಕರಗಿದ ಮೇಲೆ ತುಕ್ಕು ತೊಟ್ಟಿಗೆ ಕೈಹಾಕುತ್ತದೆ. ಗಡಸು ನೀರಿನ ಊರಿನಲ್ಲಿ ವರ್ಷಕ್ಕೊಮ್ಮೆ, ಉಳಿದೆಡೆ ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ. ಕೆಲವು ನೂರು ರೂಪಾಯಿಯ ಈ ಸರಳಿನ ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಗೀಸರನ್ನೇ ಬದಲಾಯಿಸುತ್ತಾರೆ. "ಈಗಿನ ಗೀಸರ್ ಐದು ವರ್ಷ ಬರಲ್ಲ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಸವೆದುಹೋದ ಈ ಸರಳೇ.

ಟಿವಿ, ಎಸಿ

ಟಿವಿಯಲ್ಲಿ ಆಯ್ಕೆಯ ಮಾತೇ ಇಲ್ಲ, ಹಳೆಯ ಡಬ್ಬದ ಟಿವಿ ಮಾರುಕಟ್ಟೆಯಲ್ಲಿ ಉಳಿದಿಲ್ಲ. ಎಲ್‌ಇಡಿ ಟಿವಿಯಲ್ಲಿ ಸದ್ದಿದ್ದು ಚಿತ್ರ ಕಪ್ಪಾದರೆ ಬಹುಪಾಲು ಬ್ಯಾಕ್‌ಲೈಟ್ ಪಟ್ಟಿ ಹೋಗಿರುತ್ತದೆ, ಅದು ರಿಪೇರಿಯಾಗುತ್ತದೆ. ಪ್ಯಾನೆಲ್ ಒಡೆದರೆ ಬಿಟ್ಟುಬಿಡಿ. ಮೊದಲ ದಿನವೇ ಬ್ಯಾಕ್‌ಲೈಟ್ ಅನ್ನು ನೂರರಿಂದ ಅರವತ್ತಕ್ಕೆ ಇಳಿಸಿದರೆ ಆ ಪಟ್ಟಿಗಳು ಹೆಚ್ಚು ಕಾಲ ಬರುತ್ತವೆ. ಎಸಿಯಲ್ಲಿ ಇನ್ವರ್ಟರ್ ಇರುವುದೇ ಸರಿ, ಕರಾವಳಿಯವರು ಲೇಪನವಿರುವ ತಾಮ್ರದ ಕಾಯಿಲ್ ಕೇಳಿ, ಹೊರಗಿನ ಯೂನಿಟ್ಟನ್ನು ಸಮುದ್ರದ ಗಾಳಿ ನೇರ ಬಡಿಯದ ಕಡೆ ಕೂರಿಸಿ.

ಹತ್ತು ವರ್ಷದ ವಾರಂಟಿ ಯಾವುದಕ್ಕೆ?

"ಕಂಪ್ರೆಸರ್‌ಗೆ 10 ವರ್ಷ", "ಮೋಟಾರಿಗೆ 10 ವರ್ಷ" ಎಂಬ ಸ್ಟಿಕ್ಕರ್ ದೊಡ್ಡದಾಗಿರುತ್ತದೆ. ಇನ್ವರ್ಟರ್ ಕಂಪ್ರೆಸರ್ ಆಗಲಿ ಡೈರೆಕ್ಟ್ ಡ್ರೈವ್ ಮೋಟಾರ್ ಆಗಲಿ ಹತ್ತು ವರ್ಷದೊಳಗೆ ಕೆಡುವುದು ಹೇಗೂ ಕಡಿಮೆ. ಅವನ್ನು ಓಡಿಸುವ ಬೋರ್ಡಿಗೆ ಸಾಮಾನ್ಯವಾಗಿ ಇರುವುದು ಒಂದೇ ವರ್ಷ. ಕಾರ್ಡಿನ ಸಣ್ಣಕ್ಷರದಲ್ಲಿ ಗ್ಯಾಸ್, ಕೂಲಿ, ಸಾಗಣೆ ಸೇರಿದೆಯೇ ಎಂದು ಓದಿ. ಹಣ ಕೊಡುವ ಮೊದಲು ಆ ಕಂಪನಿಯ ಸರ್ವೀಸ್ ನಂಬರಿಗೆ ಫೋನ್ ಮಾಡಿ, ಮಾಡೆಲ್ ಹೆಸರು ಹೇಳಿ, ಬೋರ್ಡಿನ ಬೆಲೆ ಎಷ್ಟು, ನಿಮ್ಮ ಪಿನ್‌ಕೋಡಿಗೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ ಎಂದು ಕೇಳಿ. ಬೋರ್ಡಿನ ಬೆಲೆ ಮಷಿನ್ನಿನ ಮೂರನೇ ಒಂದು ಭಾಗ ದಾಟಿದರೆ ನಾನು ಆ ಮಾಡೆಲ್ ಕೊಳ್ಳುವುದಿಲ್ಲ. ಹೆಚ್ಚುವರಿ ವಾರಂಟಿ ಹಣ ಕೊಟ್ಟು ತೆಗೆದುಕೊಳ್ಳುವುದು ಫ್ರಂಟ್ ಲೋಡ್, ಇನ್ವರ್ಟರ್ ಫ್ರಿಜ್, ದೊಡ್ಡ ಟಿವಿಗೆ ಸರಿ. ಮಿಕ್ಸಿಗೂ ಸಾದಾ ಫ್ಯಾನಿಗೂ ದಂಡ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಒಂದು ಪೋರ್ಟಲ್ ಕೂಡ ತೆರೆಯಿತು. ಗೃಹೋಪಕರಣಗಳೂ ಅದರಲ್ಲಿ ಸೇರಿವೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ಹೇಗೆ ಬಿಚ್ಚಬೇಕು ಎಂಬ ಮಾಹಿತಿಯನ್ನು ಕಂಪನಿಗಳು ಮನಸ್ಸಿಟ್ಟು ಅಲ್ಲಿ ತುಂಬಬೇಕೆಂದು ನಾನು ಬಯಸುತ್ತೇನೆ. ತಾಲ್ಲೂಕಿನ ಮೆಕ್ಯಾನಿಕ್‌ಗೆ ಬೇಕಿರುವುದು ಸರ್ಕಿಟ್ಟಿನ ನಕ್ಷೆ ಮತ್ತು ಬಿಡಿಭಾಗ, ಬುದ್ಧಿ ಅವನಲ್ಲಿ ಸಾಕಷ್ಟಿದೆ.

ಸಿಡಿಲಿನ ದಿನಗಳು, ಮತ್ತು ಹಳೆಯದನ್ನು ಕೊಡುವಾಗ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹೋಗುವಷ್ಟು ಬೋರ್ಡುಗಳು ವರ್ಷದ ಉಳಿದ ಹತ್ತು ತಿಂಗಳಲ್ಲಿ ಹೋಗುವುದಿಲ್ಲ ಎಂಬುದು ಇಲ್ಲಿನ ಮೆಕ್ಯಾನಿಕ್‌ಗಳೆಲ್ಲರ ಮಾತು. ಸ್ಟೆಬಿಲೈಸರ್ ಇದ್ದರೂ ಹತ್ತಿರದಲ್ಲಿ ಬಿದ್ದ ಸಿಡಿಲಿಗೆ ಅದು ತಡೆಯಲ್ಲ. ಸ್ವಿಚ್ ಆರಿಸಿದರೆ ಸಾಲದು, ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ. ಟಿವಿಯಾದರೆ ಡಿಶ್ಶಿನ ಕೇಬಲ್ಲನ್ನೂ. ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ.

ಎಕ್ಸ್‌ಚೇಂಜ್‌ನಲ್ಲಿ ಕೊಟ್ಟ ಹಳೇ ಫ್ರಿಜ್ ಬಹಳ ಸಲ ಮತ್ತೊಂದು ಬಡ ಮನೆಗೆ ಸೇರಿ ಅವರ ಕರೆಂಟ್ ಬಿಲ್ ಏರಿಸುತ್ತದೆ. ಓಡುವ ಸ್ಥಿತಿಯಲ್ಲಿದ್ದು ಯಾರಿಗಾದರೂ ಕೊಡುವುದಾದರೆ ಗ್ಯಾಸ್ಕೆಟ್ ಹಾಕಿಸಿ, ರಾತ್ರಿಯ ಮೀಟರ್ ಲೆಕ್ಕವನ್ನೂ ಅವರಿಗೆ ಹೇಳಿ ಕೊಡಿ. ಓಡದಿದ್ದರೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಹದವರಿಗೆ ಒಪ್ಪಿಸಿ. ಗುಜರಿಯಲ್ಲಿ ಪೈಪ್ ಕತ್ತರಿಸಿದಾಗ ಗ್ಯಾಸೆಲ್ಲ ಗಾಳಿಗೆ ಹೋಗುತ್ತದೆ. ಅವರು ಬಂದು ಒಯ್ಯುವವರೆಗೆ ಜಗಲಿಯಲ್ಲೋ ಕೊಟ್ಟಿಗೆಯಲ್ಲೋ ಇಡುವುದಾದರೆ ಬಾಗಿಲನ್ನು ಕಳಚಿಯೇ ಇಡಿ. ಹೊರಗಿನಿಂದ ಕೊಂಡಿ ಬೀಳುವ ಹಳೇ ಮಾದರಿಯ ಬಾಗಿಲನ್ನು ಒಳಹೊಕ್ಕ ಮಗು ತಳ್ಳಿ ತೆರೆಯಲಾರದು.